ರಬ್ಬರ್ ಕೈ ವಿಡಿಯೊ: ನಮ್ಮ ಮನೆ ಗುಂಪಿನಲ್ಲಿ ನಡೆದ ಮಾತು

ರಘು ಚಿಕ್ಕಪ್ಪ: (ಫಾರ್ವರ್ಡ್ ಮಾಡಿದ ವಿಡಿಯೊ) ಮನಸ್ಸು ಎಷ್ಟು ದುರ್ಬಲ ನೋಡಿ. ಸುತ್ತಿಗೆ ಬಿದ್ದಿದ್ದು ರಬ್ಬರ್ ಕೈ ಮೇಲೆ. ಈ ಹುಡುಗ ತನ್ನ ಕೈ ಎಳೆದುಕೊಳ್ಳುತ್ತಾನೆ. ಗಟ್ಟಿ ಮನಸ್ಸಿನವರಿಗೆ ಹೀಗೆಲ್ಲ ಆಗಲ್ಲ.

ದೊಡ್ಡಪ್ಪ: ಶುದ್ಧ ನಟನೆ. ಇಂಥವನ್ನು ಗುಂಪಿಗೆ ಹಾಕಬೇಡ ರಘು.

ನಂದಿನಿ: ದೊಡ್ಡಪ್ಪ, ಈ ವಿಡಿಯೊ ಬಿಡಿ. ಪ್ರಯೋಗ ಮಾತ್ರ ನಿಜ. 1998ರಲ್ಲಿ ಬಾಟ್ವಿನಿಕ್ ಮತ್ತು ಕೋಹೆನ್ ಅನ್ನೋರು ಇದನ್ನು ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿ ಸುತ್ತಿಗೆ ಇರಲಿಲ್ಲ, ಎರಡು ಬ್ರಷ್ ಅಷ್ಟೇ. ನಿಜವಾದ ಕೈ ಮರೆಯಲ್ಲಿ, ರಬ್ಬರ್ ಕೈ ಕಣ್ಣೆದುರಿಗೆ. ಎರಡನ್ನೂ ಒಟ್ಟಿಗೆ ಸವರುತ್ತಾ ಹೋದರೆ, ರಬ್ಬರ್ ಕೈ ಮೇಲಿನ ಬ್ರಷ್ಷೇ ತಮಗೆ ತಾಗುತ್ತಿದೆ ಅಂತ ಬಹಳ ಜನಕ್ಕೆ ಅನ್ನಿಸುತ್ತೆ. ಚಿಕ್ಕಪ್ಪ, ಇದನ್ನು ದುರ್ಬಲ ಮನಸ್ಸು ಅನ್ನೋದು ನನಗೆ ಒಪ್ಪಿಗೆ ಇಲ್ಲ.

ರಘು ಚಿಕ್ಕಪ್ಪ: ರಬ್ಬರ್ ಅಂತ ಗೊತ್ತಿದ್ದೂ ನಂಬುತ್ತಾನೆ. ದುರ್ಬಲ ಅಲ್ಲದೆ ಮತ್ತೇನು?

ನಂದಿನಿ: ಅವನು ನಂಬಿಲ್ಲ ಚಿಕ್ಕಪ್ಪ. ಕೇಳಿದರೆ ಅದು ರಬ್ಬರ್ ಅಂತಲೇ ಹೇಳುತ್ತಾನೆ. ಹಾಗಿದ್ದೂ ತನ್ನದು ಅನ್ನಿಸುತ್ತೆ. ಯಾಕೆ ಗೊತ್ತಾ? ಕೈ ಎಲ್ಲಿದೆ ಅನ್ನೋ ಸುದ್ದಿ ಮೆದುಳಿಗೆ ಒಂದೇ ಕಡೆಯಿಂದ ಬರಲ್ಲ. ಕಣ್ಣು ಒಂದು ಹೇಳುತ್ತೆ, ಚರ್ಮ ಒಂದು ಹೇಳುತ್ತೆ. ಸ್ನಾಯು, ಕೀಲುಗಳು ತಾವು ಎಷ್ಟು ಹಿಗ್ಗಿದ್ದೇವೆ, ಎಷ್ಟು ಮಡಚಿದ್ದೇವೆ ಅಂತ ಹೇಳುತ್ತವೆ. ಮೆದುಳು ಎಲ್ಲವನ್ನೂ ತಾಳೆ ನೋಡುತ್ತೆ. ಯಾವ ಸುದ್ದಿ ಸ್ಪಷ್ಟವಾಗಿದೆಯೋ ಅದಕ್ಕೆ ಜಾಸ್ತಿ ತೂಕ. ಕೈಯ ಜಾಗದ ವಿಷಯದಲ್ಲಿ ಸಾಮಾನ್ಯವಾಗಿ ಕಣ್ಣೇ ಮೇಲು. ಕಂಡ ಬ್ರಷ್ಷೂ ತಾಗಿದ ಬ್ರಷ್ಷೂ ಒಂದೇ ಕ್ಷಣಕ್ಕೆ ಬಂದರೆ ಎರಡೂ ಒಂದೇ ಅಂತ ಲೆಕ್ಕ ಹಾಕುತ್ತೆ. ನಾವು ಲೋಟ ಹಿಡಿಯೋದು, ಮೆಟ್ಟಿಲು ಇಳಿಯೋದು ಎಲ್ಲ ಈ ಲೆಕ್ಕದ ಮೇಲೆಯೇ.

ದೊಡ್ಡಪ್ಪ: ಹೀಗನ್ನಿಸುತ್ತೆ ಅಂತ ಮೊದಲೇ ಹೇಳಿಕೊಟ್ಟರೆ ಯಾರಾದರೂ ಹೂಂ ಅಂತಾರೆ.

ನಂದಿನಿ: ಆ ಮಾತಲ್ಲಿ ಹುರುಳಿದೆ ದೊಡ್ಡಪ್ಪ. ಬೇರೆಯವರ ಸೂಚನೆಗೆ ಬೇಗ ಸ್ಪಂದಿಸುವವರಿಗೆ ಇದು ಜಾಸ್ತಿ ಅನ್ನಿಸುತ್ತೆ ಅಂತ 2020ರಲ್ಲಿ ಒಂದು ಅಧ್ಯಯನ ಬಂತು. ಅದರ ಮೇಲೆ ದೊಡ್ಡ ವಾದವೇ ನಡೆಯಿತು. ಆದರೆ ಎರಡು ಬ್ರಷ್‌ಗಳು ಒಂದೇ ಕ್ಷಣಕ್ಕೆ ತಾಗದೆ ಒಂದರ ನಂತರ ಒಂದು ತಾಗಿದರೆ ಅನಿಸಿಕೆ ತೀರಾ ಕಡಿಮೆ ಆಗುತ್ತೆ. ರಬ್ಬರ್ ಕೈಯನ್ನು ಅಡ್ಡಾದಿಡ್ಡಿ ತಿರುಗಿಸಿಟ್ಟರೂ ಅಷ್ಟೇ.

ಕಿರಣ್: ನಾನೀಗಷ್ಟೇ ಮಾಡಿ ನೋಡಿದೆ! ಪಲ್ಲವಿಯ ಬಲಗೈ ರಟ್ಟಿನ ಹಿಂದೆ. ಅದರ ಪಕ್ಕ ಹತ್ತಿ ತುಂಬಿದ ಗ್ಲೌಸ್. ಮೊದಲ ಸಲ ಏನೂ ಆಗಲಿಲ್ಲ. ನಾನು ಅವಳ ತೋರುಬೆರಳು ಸವರುತ್ತಿದ್ದೆ, ಗ್ಲೌಸಿನಲ್ಲಿ ನಡುಬೆರಳು. ಎರಡನೇ ಸಲ ಅದೇ ಬೆರಳು, ಅದೇ ದಿಕ್ಕು, ನಿಧಾನವಾಗಿ. ಎರಡು ನಿಮಿಷಕ್ಕೆ ಅವಳು ಮಾತು ನಿಲ್ಲಿಸಿದಳು. ಕಣ್ಣು ಮುಚ್ಚಿ ಎಡಗೈಯಿಂದ ಮೇಜಿನ ಕೆಳಗೆ ಬಲಗೈಯ ಜಾಗ ತೋರಿಸು ಅಂದೆ. ಗ್ಲೌಸಿನ ಕಡೆಗೆ ಎರಡು ಬೆರಳಷ್ಟು ಸರಿದು ತೋರಿಸಿದಳು. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ ದೊಡ್ಡಪ್ಪ.

ರಘು ಚಿಕ್ಕಪ್ಪ: ಪಲ್ಲವಿ ಮೊದಲಿಂದಲೂ ಮೃದು ಸ್ವಭಾವ. ನನಗೆ ಮಾಡಿದರೆ ಆಗಲ್ಲ.

ನಂದಿನಿ: ಸ್ವಭಾವದ ಮಾತಲ್ಲ ಚಿಕ್ಕಪ್ಪ. ಇಯಾನ್ ವಾಟರ್‌ಮನ್ ಅಂತ ಒಬ್ಬರು. 1971ರಲ್ಲಿ, 19ನೇ ವಯಸ್ಸಿಗೆ, ಕಾಯಿಲೆ ಬಿದ್ದು ಕುತ್ತಿಗೆಯಿಂದ ಕೆಳಗೆ ಸ್ಪರ್ಶವೂ ಹೋಯಿತು, ಕೈಕಾಲು ಎಲ್ಲಿದೆ ಅನ್ನೋ ಅರಿವೂ ಹೋಯಿತು. ಸ್ನಾಯುಗಳಲ್ಲಿ ಶಕ್ತಿ ಇತ್ತು. ಆದರೂ ಎದ್ದು ಕೂರಲು ಆಗುತ್ತಿರಲಿಲ್ಲ. ಮುಂದೆ ಒಂದೊಂದು ಅಂಗವನ್ನೂ ಕಣ್ಣಲ್ಲಿ ನೋಡುತ್ತಾ, ಹಟ ಹಿಡಿದು ನಡೆಯಲು ಕಲಿತರು. ದೀಪ ಆರಿದರೆ ಮಾತ್ರ ಕುಸಿದು ಬೀಳುತ್ತಿದ್ದರು. ಅಷ್ಟು ಗಟ್ಟಿ ಮನಸ್ಸು ಯಾರಿಗಿದೆ ಹೇಳಿ?

ಶಾರದತ್ತೆ: ನಂದಿನಿ, ಇದನ್ನು ಓದಿ ಕೇಳಬೇಕು ಅನ್ನಿಸಿತು. ನಾನು ಮುಖಕ್ಕೆ ಸೋಪು ಹಚ್ಚಿ ಕಣ್ಣು ಮುಚ್ಚಿದರೆ ಸಾಕು, ಮೈ ಒಂದು ಕಡೆ ವಾಲುತ್ತೆ. ಒಂದು ಕೈಯಲ್ಲಿ ಬೇಸಿನ್ ಹಿಡಿದೇ ಇರಬೇಕು. ರಾತ್ರಿ ಲೈಟ್ ಇಲ್ಲದಿದ್ದರೆ ಕಾಲು ಎಲ್ಲಿ ಊರಿದೆ ಅಂತಲೇ ತಿಳಿಯಲ್ಲ. ಹಗಲಲ್ಲಿ ಏನೂ ಇಲ್ಲ. ರಘು ಇದನ್ನು ಭಯ ಅಂದಿದ್ದ. ನಾನೂ ಹಾಗೇ ಅಂದುಕೊಂಡು ಸುಮ್ಮನಿದ್ದೆ.

ನಂದಿನಿ: ಅತ್ತೆ, ನಿಮ್ಮ ಪಾದ ಜೋಮು ಹಿಡಿದ ಹಾಗೆ ಇರುತ್ತಾ? ಶುಗರ್ ಬಂದು ಎಷ್ಟು ವರ್ಷ ಆಯಿತು?

ಶಾರದತ್ತೆ: ಹನ್ನೆರಡು ವರ್ಷ. ಪಾದ ದಪ್ಪ ಬಟ್ಟೆ ಸುತ್ತಿದ ಹಾಗೆ ಇರುತ್ತೆ.

ನಂದಿನಿ: ಹಾಗಾದರೆ ತಡ ಮಾಡಬೇಡಿ. ನೆಟ್ಟಗೆ ನಿಲ್ಲೋಕೆ ಮೆದುಳಿಗೆ ಮೂರು ಕಡೆಯ ಸುದ್ದಿ ಬೇಕು: ಕಣ್ಣು, ಒಳಕಿವಿ, ಕಾಲು. ಶುಗರ್ ನರಗಳಿಗೆ ಪೆಟ್ಟು ಕೊಟ್ಟರೆ ಕಾಲಿನ ಸುದ್ದಿ ಮಂಕಾಗುತ್ತೆ. ಆಗ ಕಣ್ಣು ಆ ಕೊರತೆ ತುಂಬುತ್ತೆ. ಕಣ್ಣು ಮುಚ್ಚಿದರೆ ಒಳಕಿವಿ ಒಂದೇ ಉಳಿಯುತ್ತೆ. ಡಾಕ್ಟರ್ ಪಾದ ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿ ಅಂತಾರೆ. ರಾಂಬರ್ಗ್ ಪರೀಕ್ಷೆ ಅಂತ ಅದಕ್ಕೆ ಹೆಸರು. ವಾಲೋದಕ್ಕೆ ಬೇರೆ ಕಾರಣವೂ ಇರಬಹುದು, ಅದಕ್ಕೇ ತೋರಿಸಲೇಬೇಕು. ಅಲ್ಲಿಯವರೆಗೆ ಮುಖ ಕೂತು ತೊಳೆಯಿರಿ. ಮಂಚದಿಂದ ಬಚ್ಚಲಿನವರೆಗೆ ರಾತ್ರಿ ಒಂದು ಲೈಟ್ ಉರಿಯಲಿ.

ರಘು ಚಿಕ್ಕಪ್ಪ: ಅಕ್ಕ, ಭಯ ಅಂದಿದ್ದು ನನ್ನ ತಪ್ಪು. ನಾಳೆ ಬೆಳಿಗ್ಗೆ ನಾನೇ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಇವತ್ತು ರಾತ್ರಿ ಬಚ್ಚಲಿನ ಲೈಟ್ ಆರಿಸಬೇಡ.

ಶಾರದತ್ತೆ: ಆಯಿತು ಕಣೋ.

ದೊಡ್ಡಪ್ಪ: ಶಾರದಾ, ಏನಂದರು ಅಂತ ನನಗೂ ಫೋನ್ ಮಾಡು. ಕಿರಣ, ಆ ಗ್ಲೌಸ್ ಭಾನುವಾರ ತೆಗೆದುಕೊಂಡು ಬಾ. ನಿನ್ನ ದೊಡ್ಡಮ್ಮ ಈ ಮೆಸೇಜ್ ಯಾವುದನ್ನೂ ಓದಿಲ್ಲ. ಅವಳ ಕೈಗೆ ಮಾಡು. ನೀನು ಬಾಯಿ ಬಿಡಬಾರದು. ಏನನ್ನಿಸಿತು ಅಂತ ನಾನು ಕೇಳುತ್ತೇನೆ.