ಓದುಗರ ಸ್ಪಂದನ: ಆಫೀಸಿನ ಕಂಪ್ಯೂಟರಿನಲ್ಲಿ ಸೀರೆ ನೋಡಿದರೆ ತಪ್ಪಾ?

(ಕಳೆದ ತಿಂಗಳು ಚಿಕ್ಕಮಗಳೂರಿನ ಓದುಗರೊಬ್ಬರು ತಮ್ಮ ಸಮಸ್ಯೆ ಬರೆದಿದ್ದರು. ಅವರದು ಚಿಕ್ಕ ಟ್ಯಾಕ್ಸ್ ಆಫೀಸು, ಆರು ಜನ ಕೆಲಸಕ್ಕಿದ್ದಾರೆ. ಅವರಲ್ಲಿ ಚುರುಕಾದ ಒಬ್ಬ ಹುಡುಗಿ ದಿನಾ ಮಧ್ಯಾಹ್ನ ಅರ್ಧ ಮುಕ್ಕಾಲು ಗಂಟೆ ಆಫೀಸಿನ ಕಂಪ್ಯೂಟರಿನಲ್ಲಿ ಸೀರೆ ನೋಡುತ್ತಾಳೆ. ಕೆಲಸ ಒಂದೂ ಬಾಕಿ ಉಳಿದಿಲ್ಲ. ಆದರೂ ಪಾಲುದಾರರಾದ ಬಾಮೈದ "ಎಲ್ಲ ಸೈಟೂ ಬ್ಲಾಕ್ ಮಾಡಿ, ಕ್ಯಾಮೆರಾ ಹಾಕಿ" ಎಂದು ಹಟ ಹಿಡಿದಿದ್ದಾರೆ. ಏನು ಮಾಡಲಿ ಎಂದು ಕೇಳಿದ್ದರು. ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. – ಸಂ.)

ಅವಳು ಸೀರೆ ನೋಡಿದ್ದು ಎಷ್ಟು ಹೊತ್ತು ಅಂತ ಲೆಕ್ಕ ಇಟ್ಟಿದ್ದೀರಿ. ನೀವು ಅವಳನ್ನು ನೋಡಿದ್ದು ಎಷ್ಟು ಹೊತ್ತು? ಅದನ್ನೂ ಬರೆಯಬೇಕಿತ್ತು.
– ತರೀಕೆರೆ

ಸಂಬಳ ಕೊಡುವುದು ಕೆಲಸಕ್ಕೆ. ನಾನು 34 ವರ್ಷ ಸರ್ಕಾರಿ ಕಚೇರಿಯಲ್ಲಿದ್ದೆ. ಕೆಲಸದ ವೇಳೆಯಲ್ಲಿ ಸ್ವಂತ ಕೆಲಸ ಅಂದರೆ ಏನು ಅಂತಲೇ ನಮಗೆ ಗೊತ್ತಿರಲಿಲ್ಲ. ಬಾಮೈದ ಹೇಳಿದಂತೆ ಮಾಡಿ.
– ನಿವೃತ್ತರು, ಚನ್ನರಾಯಪಟ್ಟಣ

(ಇದನ್ನು ಓದಿದ ನಮ್ಮ ಹಿರಿಯ ಸಹೋದ್ಯೋಗಿ, "ಆಗ ಕ್ಯಾಂಟೀನ್ ಇತ್ತಲ್ಲ" ಎಂದಷ್ಟೇ ಹೇಳಿದರು. ಮುಂದಿನ ಪತ್ರ ಉದ್ದವಿದೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದು ಬಿಟ್ಟರೆ ಏನನ್ನೂ ತೆಗೆದಿಲ್ಲ. – ಸಂ.)

ಸಾರ್, ನಿಮ್ಮ ಪತ್ರ ಓದಿ ಎರಡು ದಿನ ಸುಮ್ಮನಿದ್ದೆ. ಆಮೇಲೆ ಬರೆಯಲೇಬೇಕು ಅನ್ನಿಸಿತು.

ಹಾಸನದ ಬಿ.ಎಂ. ರಸ್ತೆಯ ಒಂದು ಆಫೀಸಿನಲ್ಲಿ ಏಳು ವರ್ಷ ಬಿಲ್ಲಿಂಗ್ ನೋಡಿಕೊಂಡಿದ್ದೆ. ಒಂದು ಸೋಮವಾರ ಯಜಮಾನರು ಎಲ್ಲರನ್ನೂ ಕರೆದು ನಿಲ್ಲಿಸಿದರು. ಕೈಯಲ್ಲಿ ಎರಡು ಹಾಳೆ. ಯಾರು ಯಾರು ಕಂಪ್ಯೂಟರಿನಲ್ಲಿ ಏನೇನು ಹುಡುಕಿದ್ದಾರೆ ಅನ್ನೋ ಪಟ್ಟಿ. ಒಬ್ಬನದು ಕ್ರಿಕೆಟ್ ಸ್ಕೋರು. ಇನ್ನೊಬ್ಬನದು ಸೆಕೆಂಡ್ ಹ್ಯಾಂಡ್ ಬೈಕು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ನನ್ನ ಸರದಿ. "ಸಿಂಗಲ್ ಬೆಡ್‌ರೂಮ್ ಮನೆ ಬಾಡಿಗೆ, ವಿದ್ಯಾನಗರ. ಲೇಡೀಸ್ ಪಿಜಿ, ಸಾಲಗಾಮೆ ರಸ್ತೆ." ಓದಿ ಮುಗಿಸಿ, ಕನ್ನಡಕದ ಮೇಲಿಂದ ನನ್ನನ್ನು ನೋಡಿ, "ಯಾಕಮ್ಮ, ಮನೇಲಿ ಎಲ್ಲ ಸರಿ ಇದೆ ತಾನೇ?" ಅಂದರು. ಅವರು ಕೆಟ್ಟವರೇನಲ್ಲ. ಕಾಳಜಿಯಿಂದಲೇ ಕೇಳಿದರು ಅಂತ ಇವತ್ತಿಗೂ ಅಂದುಕೊಳ್ಳುತ್ತೇನೆ.

ಮನೇಲಿ ಸರಿ ಇರಲಿಲ್ಲ. ನನ್ನ ಫೋನನ್ನು ಮನೆಯವರು ದಿನಾ ತೆಗೆದು ನೋಡುತ್ತಿದ್ದರು. ಅದಕ್ಕೇ ಆಫೀಸಿನ ಕಂಪ್ಯೂಟರಿನಲ್ಲಿ ಹುಡುಕಿದ್ದು. ಹಾಸನ ಎಷ್ಟು ದೊಡ್ಡ ಊರು ಹೇಳಿ? ಸಂಜೆ ನಾನು ಸಿಟಿ ಬಸ್ ಇಳಿದು ಮನೆ ಮುಟ್ಟುವ ಹೊತ್ತಿಗೆ ಅತ್ತೆ ಗೇಟಿನಲ್ಲೇ ನಿಂತಿದ್ದರು. ಮುಂದಿನದು ಇಲ್ಲಿ ಬೇಡ.

ಕಂಪ್ಯೂಟರು ಅವರದು, ನೆಟ್ಟೂ ಅವರದು. ನೋಡುವ ಹಕ್ಕು ಅವರಿಗಿತ್ತು ಅಂತಲೇ ಇಟ್ಟುಕೊಳ್ಳಿ. ನೋಡಿದ್ದನ್ನು ಎಲ್ಲರೆದುರು ಓದಬೇಕಿತ್ತಾ?

ಈಗ ಬೇರೆ ಕಡೆ ಕೆಲಸದಲ್ಲಿದ್ದೇನೆ. ನನ್ನ ಕೈಕೆಳಗೆ ಮೂವರಿದ್ದಾರೆ. ಹೋದ ವಾರ ಒಬ್ಬ ಹುಡುಗಿಯ ಬೆನ್ನ ಹಿಂದೆ ಹೋಗಿ ನಿಂತೆ. ಅವಳು ಪಟ್ಟನೆ ಸ್ಕ್ರೀನ್ ಬದಲಿಸಿದಳು. ಕೋಪ ಬಂತು ಸಾರ್. ನನಗೂ ಬಂತು. "ಏನು ನೋಡ್ತಿದ್ದೆ?" ಅನ್ನೋದು ನಾಲಿಗೆ ತುದಿಗೆ ಬಂದಿತ್ತು. ಹೋಗಿ ನೀರು ಕುಡಿದು ಬಂದು ನನ್ನ ಜಾಗದಲ್ಲಿ ಕೂತೆ.
– ಹೆಸರು ಬೇಡ, ಹಾಸನ

(ಪ್ರಶ್ನೆ ಕೇಳಿದವರ ಹಾಗೇ ಟ್ಯಾಕ್ಸ್ ಕಸುಬಿನವರೊಬ್ಬರು ಏನನ್ನುತ್ತಾರೆ ನೋಡಿ. – ಸಂ.)

2017ರ ಜುಲೈನಲ್ಲಿ ಜಿಎಸ್‌ಟಿ ಬಂತಲ್ಲ, ಆವತ್ತಿಂದ ನಮ್ಮ ತಿಂಗಳು ಎರಡು ತಾರೀಕಿನ ಸುತ್ತಲೇ ತಿರುಗುತ್ತಿದೆ. ಈಗ 11ಕ್ಕೆ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1, 20ಕ್ಕೆ ತೆರಿಗೆ ಕಟ್ಟುವ 3ಬಿ. 20ರ ಸಂಜೆ ಪೋರ್ಟಲ್ ಗಿರಗಿರ ಸುತ್ತುತ್ತಲೇ ಇರುತ್ತದೆ. ಓಟಿಪಿ ಲೆಕ್ಕ ಕೊಟ್ಟ ಪಾರ್ಟಿಯ ಫೋನಿಗೆ ಹೋಗಿರುತ್ತದೆ, ಅವರು ತೋಟದಲ್ಲಿರುತ್ತಾರೆ, ಅಲ್ಲಿ ಸಿಗ್ನಲ್ ಇರುವುದಿಲ್ಲ. ಹುಡುಗರು ರಾತ್ರಿ ಒಂಬತ್ತರವರೆಗೆ ಕೂರುತ್ತಾರೆ. ಆಗ ನಾವು ಗಡಿಯಾರ ನೋಡುತ್ತೇವಾ? 25ನೇ ತಾರೀಕು ಅರ್ಧ ಗಂಟೆ ಸೀರೆ ನೋಡಿದರೆ ಮಾತ್ರ ಯಾಕೆ ಗಡಿಯಾರ ನೋಡಬೇಕು?

ನನ್ನ ಚಿಂತೆ ಬೇರೆ. ನಿಮ್ಮ ಪಾರ್ಟಿಗಳ ಪಾಸ್‌ವರ್ಡ್ ಎಲ್ಲಾ ಎಲ್ಲಿಟ್ಟಿದ್ದೀರಿ? ನಮ್ಮಲ್ಲಿ ಒಂದು ಎಕ್ಸೆಲ್ ಶೀಟಿನಲ್ಲಿತ್ತು. ಡಿಜಿಟಲ್ ಸಹಿಯ ಟೋಕನ್ ತಿಂಗಳುಗಟ್ಟಲೆ ಕಂಪ್ಯೂಟರಿಗೆ ಸಿಕ್ಕಿಸಿಯೇ ಇರುತ್ತಿತ್ತು. ಅದೇ ಕಂಪ್ಯೂಟರಿನಲ್ಲಿ ಒಬ್ಬ ಪುಕ್ಕಟೆ ಸಿನಿಮಾ ಇಳಿಸಲು ಹೋಗಿ ವೈರಸ್ ಹೊಕ್ಕು, ಮೂರು ದಿನ ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರೇ ತೆರೆಯಲಿಲ್ಲ. ಬೈದೆ. ಟೈಮ್ ಹಾಳು ಮಾಡಿದ ಅಂತಲ್ಲ, ಜನರ ಲೆಕ್ಕ ಹಾಳಾಗುತ್ತಿತ್ತಲ್ಲ ಅಂತ. ಈಗ ಮೂಲೆಯಲ್ಲಿ ಒಂದು ಹಳೇ ಕಂಪ್ಯೂಟರನ್ನು ಬೇರೆ ವೈಫೈಗೆ ಹಾಕಿ ಇಟ್ಟಿದ್ದೇನೆ. ಸೀರೆ, ಪಹಣಿ, ಕರೆಂಟ್ ಬಿಲ್, ಗ್ಯಾಸ್ ಬುಕಿಂಗ್ ಎಲ್ಲಾ ಅಲ್ಲೇ. ಬ್ಲಾಕ್ ಮಾಡುವ ಕೆಲಸಕ್ಕೆ ಹೋಗಬೇಡಿ. ಎಲ್ಲರ ಜೇಬಿನಲ್ಲೂ ನೆಟ್ ಇದೆ.
– ಅರಸೀಕೆರೆ

ಸ್ವಾಮಿ, ನಮ್ಮ ಕಾಫಿ ತೋಟದವರ ಕಷ್ಟವನ್ನೂ ಸ್ವಲ್ಪ ಕೇಳಿ. ಕಾಫಿ ಹಣ್ಣು ಕುಯ್ಯುವಾಗ ಕೆಜಿ ಲೆಕ್ಕ. ಆಳು ಫೋನ್ ನೋಡಲಿ, ಹಾಡು ಕೇಳಲಿ, ಸಂಜೆ ತೂಕಕ್ಕೆ ಇಟ್ಟಾಗ ಗೊತ್ತಾಗುತ್ತದೆ. ಚಿಗುರು ತೆಗೆಯೋದು ದಿನಗೂಲಿ. ಆಗ ಮೇಸ್ತ್ರಿ ಆಳುಗಳ ಹಿಂದೆ ನಿಲ್ಲಲೇಬೇಕು. ಮೇಸ್ತ್ರಿಯೇ ರೀಲ್ಸ್ ನೋಡುತ್ತಾ ನಿಂತರೆ ಏನು ಮಾಡೋದು? ಯಾರಾದರೂ ಉತ್ತರ ಕೊಡಿ. ನಾನಂತೂ ಬೈಯುವ ಹಾಗಿಲ್ಲ. ಲಂಡನ್ನಿನಲ್ಲಿ ರೊಬಸ್ಟಾ ಕಾಫಿ ರೇಟ್ ಎಷ್ಟು, ನ್ಯೂಯಾರ್ಕಿನಲ್ಲಿ ಅರೇಬಿಕಾ ರೇಟ್ ಎಷ್ಟು ಅಂತ ದಿನಕ್ಕೆ ಇಪ್ಪತ್ತು ಸಲ ನಾನೂ ಫೋನ್ ತೆಗೆಯುತ್ತೇನೆ. ನಾನು ನೋಡಿದೆ ಅಂತ 50 ಕೆಜಿ ಮೂಟೆಗೆ ಒಂದು ರೂಪಾಯಿ ಜಾಸ್ತಿ ಆದದ್ದಿಲ್ಲ.
– ಮೂಡಿಗೆರೆ

(ಪ್ರಶ್ನೆ ಬೇರೆಯದೇ ಆದರೂ ಕೊನೆಯ ಮಾತಿಗಾಗಿ ಹಾಕಿದ್ದೇವೆ. – ಸಂ.)

ಆಫೀಸಿನಲ್ಲಿ ಸ್ವಂತ ಕೆಲಸ ಮಾಡಬಾರದು, ಒಪ್ಪಿದೆ. ಮನೆಯಲ್ಲಿ ಆಫೀಸಿನ ಕೆಲಸ? ನಮ್ಮ ಆಫೀಸಿನ ಯಜಮಾನರ ವಾಟ್ಸಾಪ್ ಬರುವುದು ರಾತ್ರಿ ಹತ್ತೂವರೆಗೆ. ನೀಲಿ ಗುರುತು ಬಿದ್ದೂ ಉತ್ತರ ಹೋಗದಿದ್ದರೆ ಬೆಳಿಗ್ಗೆ ಮುಖ ಊದಿರುತ್ತದೆ. "ನಿನ್ನ ಮೇಲೆ ನಂಬಿಕೆ ಇದೆ, ಅದಕ್ಕೇ ನಿಂಗೆ ಹೇಳೋದು" ಅನ್ನುತ್ತಾರೆ. ಇಷ್ಟೊಂದು ನಂಬದಿದ್ದರೂ ನಡೆಯುತ್ತಿತ್ತು.
– ಕಡೂರು

ದಿನಾ ಸೀರೆ ನೋಡುತ್ತಾಳೆ ಅಂದರೆ ಮದುವೆ ಗೊತ್ತಾಗಿರಬೇಕು. ನಿಮ್ಮಲ್ಲಿ ಯಾರಾದರೂ ಬಾಯಿಬಿಟ್ಟು ಕೇಳಿದಿರಾ?
– ಒಬ್ಬ ಅಜ್ಜಿ, ಬೇಲೂರು

(ಈ ಪತ್ರಗಳನ್ನು ಪ್ರಶ್ನೆ ಕೇಳಿದವರಿಗೆ ಮೊದಲೇ ಕಳಿಸಿದ್ದೆವು. ಅವರು ಬರೆದದ್ದು ಇಷ್ಟು: "ಕ್ಯಾಮೆರಾ ಆಗಲೇ ತಂದಾಗಿತ್ತು. ಬೀದಿ ಬಾಗಿಲ ಕಡೆ ತಿರುಗಿಸಿ ಹಾಕಿದ್ದೇವೆ, ಬಾಮೈದನಿಗೂ ಸಮಾಧಾನ. ಬೇಲೂರಿನ ಅಜ್ಜಿ ಹೇಳಿದ್ದನ್ನು ಇನ್ನೂ ಕೇಳಿಲ್ಲ. 20ನೇ ತಾರೀಕು ಕಳೆಯಲಿ." – ಸಂ.)