ಗೋಲು ‘ಬಿಟ್ಟುಕೊಟ್ಟೆವು’ ಅನ್ನೋಣವೋ, ‘ಹೊಡೆಸಿಕೊಂಡೆವು’ ಅನ್ನೋಣವೋ?

ಬಲ್ಲವರಿಗೆಲ್ಲ ನಮಸ್ಕಾರ. ಫುಟ್‌ಬಾಲ್ ಕೋಚ್‌ಗಳ ಮಾತನ್ನು ಕನ್ನಡಕ್ಕೆ ತರುವಾಗ ನಾನು ಪ್ರತಿ ಸಲ ಎಡವುವ ಜಾಗ ಒಂದಿದೆ. ತಂಡ ನಾಲ್ಕು ಗೋಲು ತಿಂದು ಸೋತಿರುತ್ತದೆ, ಡಿಫೆಂಡರ್‌ಗಳ ಆಟ ನೋಡುವ ಹಾಗಿರುವುದಿಲ್ಲ, ಕೋಚ್ ಮೈಕಿನ ಮುಂದೆ ಕೂತು ‘ವಿ ಕನ್ಸೀಡೆಡ್’, ಅಂದರೆ ನಮ್ಮ ಮೇಲೆ ಗೋಲಾಯಿತು, ಅನ್ನುತ್ತಾರೆ. ಈ ಕನ್ಸೀಡ್‌ಗೆ ಏನು ಬರೆಯೋಣ?

ಪತ್ರಿಕೆಗಳಲ್ಲಿ ‘ಬಿಟ್ಟುಕೊಟ್ಟಿತು’ ರೂಢಿಯಾಗಿದೆ. ನನಗೆ ಅದು ಒಗ್ಗುವುದಿಲ್ಲ. ಸೀಟು ಬಿಟ್ಟುಕೊಡುತ್ತೇವೆ, ಹಕ್ಕು ಬಿಟ್ಟುಕೊಡುತ್ತೇವೆ. ಅಲ್ಲಿ ಕೊಡುವವರ ಮನಸ್ಸಿರುತ್ತದೆ. ಕೋಚೇ ‘ನಾಲ್ಕು ಗೋಲು ಬಿಟ್ಟುಕೊಟ್ಟೆವು’ ಅಂದರೆ ಧಾರಾಳತನವೋ ಫಿಕ್ಸಿಂಗೋ ಅನ್ನಿಸುತ್ತದೆ!

ನನ್ನ ಒಲವು ‘ಹೊಡೆಸಿಕೊಂಡೆವು’ ಕಡೆಗೆ. ‘ನಾಯಿ ಕಚ್ಚಿತು’ ಅನ್ನುವುದಕ್ಕೂ ‘ನಾಯಿ ಕೈಲಿ ಕಚ್ಚಿಸಿಕೊಂಡ’ ಅನ್ನುವುದಕ್ಕೂ ಇರುವ ಅಂತರ ನೋಡಿ. ಎರಡನೆಯದರಲ್ಲಿ ನೋವೂ ಅವನದೇ, ಅರ್ಧ ತಪ್ಪೂ ಅವನದೇ. ಬೈಸಿಕೊಂಡ, ಮೆಟ್ಟಿಸಿಕೊಂಡ, ಎಲ್ಲದರಲ್ಲೂ ಆ ‘-ಇಸಿಕೊ’ ಇದೇ ಕೆಲಸ ಮಾಡುತ್ತದೆ. ಡಿಫೆನ್ಸ್ ಕೆಟ್ಟ ದಿನ ಕೋಚ್ ಒಪ್ಪಿಕೊಳ್ಳಬೇಕಾದದ್ದೂ ಅಷ್ಟೇ ಅಲ್ಲವೇ?

ಆದರೆ ಎಲ್ಲರೂ ಅಷ್ಟು ನೇರವಾಗಿ ಒಪ್ಪಿಕೊಳ್ಳುವುದಿಲ್ಲ. 2014ರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಬ್ರೆಜಿಲ್ ತನ್ನ ನೆಲದಲ್ಲೇ ಜರ್ಮನಿಗೆ 1-7ರಿಂದ ಸೋತಿತು. 23ನೇ ನಿಮಿಷದಿಂದ 29ರೊಳಗೆ ನಾಲ್ಕು ಗೋಲು. ಕೋಚ್ ಸ್ಕೊಲಾರಿ ಹೊಣೆ ನನ್ನದೇ ಎಂದರು; ಜೊತೆಗೆ ಆಗಿದ್ದನ್ನು ‘ಪಾನೆ’ ಎಂದೂ ಕರೆದರು. ಪೋರ್ಚುಗೀಸಿನಲ್ಲಿ ಅದು ಗಾಡಿ ದಾರಿ ಮಧ್ಯೆ ಕೆಟ್ಟು ನಿಂತಾಗ ಬಳಸುವ ಮಾತು. ಹೊಣೆ ಹೊತ್ತವರು ಅವರು, ಕೆಟ್ಟು ನಿಂತದ್ದು ಮಾತ್ರ ಯಂತ್ರ!

ಇದಕ್ಕೆ ನಮ್ಮಲ್ಲಿ ‘ಕೈಕೊಟ್ಟಿತು’ ತಟ್ಟನೆ ಹೊಳೆಯುತ್ತದೆ. ಎಂಜಿನ್ ಕೈಕೊಡುತ್ತದೆ, ಸರಿ. ಗೆಳೆಯನೂ ಕೈಕೊಡುತ್ತಾನಲ್ಲ! ‘ರಕ್ಷಣಾ ವಿಭಾಗ ಕೈಕೊಟ್ಟಿತು’ ಅಂದ ಕೂಡಲೇ ಕೋಚ್ ಮೋಸಹೋದವರ ಸಾಲಿಗೆ ಸೇರಿದರು, ನಾಲ್ಕು ಡಿಫೆಂಡರ್‌ಗಳು ದ್ರೋಹಿಗಳಾದರು. ಸ್ಕೊಲಾರಿ ಬಾಯಿಗೆ ಅದನ್ನು ತುರುಕಲು ನನಗೆ ಮನಸ್ಸು ಬರಲಿಲ್ಲ.

ಆಟದ ನಡುವೆ ಗಮನ ತಪ್ಪಿತು ಅನ್ನಲು ಕೋಚ್‌ಗಳು ಬಳಸುವ ‘ವಿ ಸ್ವಿಚ್ಡ್ ಆಫ್’ ಎಂಬುದಕ್ಕೆ ‘ಮೈಮರೆತೆವು’ ಸಾಕು. ಸಂಗೀತ ಕೇಳಿ ಮೈಮರೆಯುವುದೂ ಅದೇ ಪದವಾದರೂ ಗೊಂದಲ ಆಗದು.

ಬೇರೆಯವರ ಡಿಫೆನ್ಸ್ ಬಗ್ಗೆಯಾದರೆ ಕೋಚ್‌ಗಳ ನಾಲಗೆ ಎಲ್ಲೂ ತಡವರಿಸುವುದಿಲ್ಲ. 2004ರ ನವೆಂಬರ್‌ನಲ್ಲಿ ಆರ್ಸೆನಲ್ 5-4ರಿಂದ ಟಾಟೆನ್‌ಹ್ಯಾಮ್ ವಿರುದ್ಧ ಗೆದ್ದಾಗ ಆಗ ಚೆಲ್ಸಿ ತಂಡದ ಕೋಚ್ ಆಗಿದ್ದ ಮೊರಿನ್ಯೊ, ಇದು ಹಾಕಿ ಸ್ಕೋರು, ಮೂರು ಮೂರು ಜನರ ಅಭ್ಯಾಸದ ಆಟದಲ್ಲಿ ಹೀಗಾದರೂ ಆಟಗಾರರನ್ನು ಡ್ರೆಸಿಂಗ್ ರೂಮಿಗೆ ಅಟ್ಟುತ್ತೇನೆ ಎಂದಿದ್ದರು. ಅನುವಾದಕನಿಗೆ ಅಂಥವರೇ ವಾಸಿ.

ಇನ್ನೊಂದು ತೊಡಕು, ‘ಸಾಫ್ಟ್ ಗೋಲ್’, ಅಂದರೆ ಡಿಫೆನ್ಸ್ ಸರಿಯಿದ್ದಿದ್ದರೆ ತಪ್ಪಿಸಬಹುದಾಗಿದ್ದ ಗೋಲು. ‘ಮೃದು ಗೋಲು’ ನಗೆಪಾಟಲು. ‘ಸುಲಭದ ಗೋಲು’ ಅಂದರೆ ಹೊಡೆದವನ ಕಡೆಯಿಂದ ನೋಡಿದಂತಾಗುತ್ತದೆ, ತಿಂದವನ ಹೊಟ್ಟೆಯುರಿ ಅದರಲ್ಲಿಲ್ಲ. ‘ಪುಕ್ಕಟೆ ಗೋಲು’ ಎಂದು ಬರೆದಿಟ್ಟಿದ್ದೇನೆ. ಎದುರಾಳಿಗೆ ಶ್ರೇಯಸ್ಸು ಕೊಡದ ಕುಹಕವೂ ಅದರಲ್ಲಿ ಉಳಿಯುತ್ತದೆ. ಆದರೆ ಪತ್ರಿಕಾಗೋಷ್ಠಿಯಲ್ಲಿ ಕೋಟು ಹಾಕಿ ಕೂತವರು ‘ಪುಕ್ಕಟೆ’ ಅಂದಾರೆಯೇ? ಇದಕ್ಕಿಂತ ಒಳ್ಳೆಯ ಪದ ನಿಮ್ಮ ಕಿವಿಗೆ ಬಿದ್ದಿದ್ದರೆ ತಿಳಿಸಿ.