ಏರ್ ಲಾಕ್, ಬ್ಲೀಡ್ ಸ್ಕ್ರೂ: ಕನ್ನಡದಲ್ಲಿ ಏನಂತ ಬರೀಲಿ? ಸಂಜೆ ಒಳಗೆ ಬೇಕು

ಎಲ್ಲರಿಗೂ ನಮಸ್ಕಾರ. ವಿಲ್ಸನ್ ಗಾರ್ಡನ್ ಕಡೆ ಒಂದು ಗ್ಯಾರೇಜಿಗೆ ಗೋಡೆಗೆ ಹಾಕೋ ಬೋರ್ಡು ಬರೆದುಕೊಡ್ತಿದೀನಿ, ಸಂಜೆ ಪ್ರಿಂಟಿಗೆ ಹೋಗ್ಬೇಕು. ರೇಡಿಯೇಟರ್ರೋ ವಾಟರ್ ಪಂಪೋ ಬದಲಾಯಿಸಿಕೊಂಡು ಹೋದ ಗಿರಾಕಿಗಳು ವಾಪಸ್ ಬಂದು ಹೊಸ ಪಾರ್ಟ್ ಹಾಕಿಸಿದ್ಮೇಲೂ ಗಾಡಿ ಹೀಟ್ ಆಗ್ತಿದೆ ಅಂತ ಜಗಳ ತೆಗೀತಾರಂತೆ, ಎಷ್ಟೋ ಸಲ ಒಳಗೆ ಗಾಳಿ ಉಳಿದಿರತ್ತೆ ಅಷ್ಟೇ, ಅದನ್ನ ನಾಲ್ಕು ಸಾಲಲ್ಲಿ ತಿಳಿಸ್ಬೇಕು. ಏರ್ ಲಾಕ್ (ಗಾಳಿ ಸಿಕ್ಕಿ ಕೂಲೆಂಟ್ ಹರಿಯೋದು ನಿಲ್ಲೋದು), ಬ್ಲೀಡ್ ಸ್ಕ್ರೂ (ಆ ಗಾಳೀನ ಹೊರಗೆ ಬಿಡೋ ತಿರುಪು), ಓವರ್‌ಹೀಟ್, ಕೂಲೆಂಟ್ (ಇಂಜಿನ್ನನ್ನ ತಣ್ಣಗಿಡೋಕೆ ಒಳಗೆ ಸುತ್ತೋ ದ್ರವ) ಇಷ್ಟಕ್ಕೆ ಪದ ಬೇಕು. ಮೊಬೈಲಲ್ಲಿ ಅನುವಾದಕ್ಕೆ ಹಾಕಿದ್ರೆ "ರಕ್ತಸ್ರಾವ ತಿರುಪು" ಅಂತ ಬಂತು, ಅದನ್ನಂತೂ ಗೋಡೆಗೆ ಹಾಕಕ್ಕಾಗಲ್ಲ.

———

ವಾಯುಬಂಧ, ವಾಯುನಿಷ್ಕಾಸಕ ತಿರುಪು, ಅತಿತಾಪನ, ಶೀತಕ. ಇದರಲ್ಲಿ ಚರ್ಚೆ ಮಾಡೋದು ಏನಿದೆ?

———

> ವಾಯುನಿಷ್ಕಾಸಕ ತಿರುಪು

ಇದನ್ನ ಓದಿ ಮುಗಿಸೋ ಹೊತ್ತಿಗೆ ಹೆಡ್ ಗ್ಯಾಸ್ಕೆಟ್ಟೇ (ಸಿಲಿಂಡರ್ ಹೆಡ್ ಕೆಳಗಿನ ಸೀಲು) ಹೋಗಿರತ್ತೆ ಸಾರ್. ಇಂಗ್ಲಿಷ್ ಬೇಡ ಅಂತ ಸಂಸ್ಕೃತ ತಂದು ಸುರಿಯೋದಕ್ಕೆ ಕನ್ನಡ ಅಂತ ಯಾಕೆ ಹೆಸರು? ನಮ್ಮಲ್ಲೇ "ತಣ್" ಅನ್ನೋ ಬೇರಿದೆ. ತಣ್ + ನೀರು ತಣ್ಣೀರು, ತಣ್ + ಗಾಳಿ ತಂಗಾಳಿ, ತಂಪು, ತಣಿ, ತಮಿಳಿನ ತಣ್ಣೀರ್ ಕೂಡ ಇದೇ ಮನೆಯದ್ದು. ಹಾಗಾಗಿ ಕೂಲೆಂಟಿಗೆ ತಣಿಪುಕ, ಏರ್ ಲಾಕಿಗೆ ಗಾಳಿಸೆರೆ, ಓವರ್‌ಹೀಟಿಗೆ ಬಿಸಿಮೀರಿಕೆ. ಉಸಿರು ಕಟ್ಟದ ಹಾಗೆ ಹೇಳಬಹುದು, ಮಹಾಪ್ರಾಣವೂ ಇಲ್ಲ.

———

ಇಬ್ಬರೂ ಸ್ವಲ್ಪ ತಡೀರಿ. ಒಳಗೆ ಏನಾಗತ್ತೆ ಅಂತ ನೋಡದೆ ಪದ ಕಟ್ಟಿದ್ರೆ ಹೀಗೇ ಆಗೋದು.

ರಿಪೇರಿಗೆ ಅಂತ ಕೂಲೆಂಟ್ ಇಳಿಸಿ ಮತ್ತೆ ತುಂಬಿದಾಗ ಗಾಳಿ ಮೇಲಕ್ಕೆ ಹೋಗಿ ಎತ್ತರದ ಜಾಗದಲ್ಲಿ ಕೂರತ್ತೆ, ಹೀಟರ್ ಪೈಪಲ್ಲೋ ಸಿಲಿಂಡರ್ ಹೆಡ್ಡಲ್ಲೋ. ಪಂಪು ನೀರನ್ನ ತಳ್ಳತ್ತೆ, ಗಾಳಿ ಸಿಕ್ಕಿದ್ರೆ ಸುಮ್ನೆ ತಿರುಗತ್ತೆ. ಟೆಂಪರೇಚರ್ ಮುಳ್ಳು ಒಂದ್ಸಲ ಮೇಲೆ ಒಂದ್ಸಲ ಕೆಳಗೆ ಕುಣಿಯತ್ತೆ. ಮುಳ್ಳು ಮೇಲಿದ್ರೂ ಹೀಟರ್ ಹಾಕಿದ್ರೆ ತಣ್ಣನೆ ಗಾಳಿ ಬರತ್ತಲ್ಲ, ಅದೇ ದೊಡ್ಡ ಗುರುತು. ಆಗ ಮಾಡೋದು ಇಷ್ಟು: ಇಂಜಿನ್ ಪೂರ್ತಿ ಆರಿದ್ಮೇಲೆ ಮೂತಿ ಸ್ವಲ್ಪ ಎತ್ತರಕ್ಕೆ ಬರೋ ಹಾಗೆ ಗಾಡಿ ನಿಲ್ಲಿಸಿ, ಕ್ಯಾಪ್ ತೆಗೆದು, ಹೀಟರ್ ಫುಲ್ ಬಿಸಿಗೆ ಇಟ್ಟು, ಬ್ಲೀಡ್ ಸ್ಕ್ರೂ ಸಡಿಲ ಮಾಡಿ ತುಂಬ್ತಾ ಬರೋದು, ಗುಳ್ಳೆ ನಿಂತು ಬರೀ ಕೂಲೆಂಟ್ ಬಂದಾಗ ಬಿಗಿ ಮಾಡೋದು, ಆಮೇಲೆ ಸ್ಟಾರ್ಟ್ ಮಾಡಿ ಥರ್ಮೋಸ್ಟಾಟ್ (ಬಿಸಿ ಏರಿದಾಗ ಕೂಲೆಂಟನ್ನ ರೇಡಿಯೇಟರ್ ಕಡೆ ಬಿಡೋ ವಾಲ್ವು) ತೆರೆಯೋವರೆಗೆ, ಅಂದ್ರೆ ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಹತ್ರ, ನಿಂತಲ್ಲೇ ಇಂಜಿನ್ ಓಡಿಸಿ ಕೂಲೆಂಟ್ ಲೆವೆಲ್ ನೋಡೋದು. ಗುಳ್ಳೆ ನಿಲ್ಲಲೇ ಇಲ್ಲ ಅಂದ್ರೆ ಅದು ಉಳಿದ ಗಾಳಿ ಅಲ್ಲ, ಗ್ಯಾಸ್ಕೆಟ್ ಹೋಗಿ ಸಿಲಿಂಡರಿಂದ ಬರ್ತಿರೋ ಗ್ಯಾಸು ಇರಬಹುದು. ಫ್ಯಾನಿನ ಕನೆಕ್ಟರ್ ಹಾಕೋದೇ ಮರೆತಿರೋದು, ಥರ್ಮೋಸ್ಟಾಟ್ ಉಲ್ಟಾ ಕೂರಿಸಿರೋದು, ಇವೂ ಇದಾವೆ, ಬೋರ್ಡಲ್ಲಿ ಎಲ್ಲಾ ತಪ್ಪನ್ನೂ ಗಾಳಿ ತಲೆಗೆ ಕಟ್ಟಬೇಡಿ ಅಂತ ಆ ಓನರ್‌ಗೂ ಹೇಳಿ.

ಈಗ ಪದ. ವಾಯುಬಂಧ, ಗಾಳಿಸೆರೆ ಎರಡರಲ್ಲೂ ಗಾಳಿ ಕೈದಿ ಆಗಿದೆ, ನಿಜವಾಗಿ ನೀರನ್ನ ತಡೆದು ಕೂರೋದು ಗಾಳಿ. ಪಂಪ್‌ಸೆಟ್ ಇಟ್ಟಿರೋ ರೈತರು "ಪಂಪು ಏರ್ ಹಿಡಿದಿದೆ" ಅಂತಾರೆ. ಅದನ್ನೇ "ಗಾಳಿ ಹಿಡಿದಿದೆ" ಮಾಡಿ, ಬ್ಲೀಡ್ ಮಾಡೋದಕ್ಕೆ "ಗಾಳಿ ಬಿಡಿಸೋದು".

———

> ಗಾಳಿ ಹಿಡಿದಿದೆ

ಗಾಳಿ ಹಿಡಿದಿದೆ, ಗಾಳಿ ಬಿಡಿಸಿ ಅಂತ ಬೋರ್ಡು ಹಾಕಿದ್ರೆ ಗಿರಾಕಿ ಕೂಲೆಂಟ್ ಬದಲು ನಿಂಬೆಹಣ್ಣು, ಬೇವಿನ ಸೊಪ್ಪು ತರ್ತಾನೆ ಗುರುಗಳೇ. "ಗಾಳಿ ತೆಗೆಯೋದು" ಅಂತ ಬರೆದ್ರೆ ಟೈರು ಅನ್ಕೋತಾರೆ.

———

ನನ್ನ ಪಟ್ಟಿ ಯಾರೂ ಸರಿಯಾಗಿ ಓದಿಲ್ಲ. "ಓವರ್‌ಹೀಟ್" ಅಂದ್ರೆ ಕುದಿಯೋದು ಅಂತ ಬರೆದ್ರೆ ಏನು ತೊಂದರೆ, ಅತಿತಾಪನ ಕಷ್ಟ ಆದ್ರೆ?

———

ತೊಂದರೆ ಇದೆ ಮೇಷ್ಟ್ರೇ, ಎರಡೂ ಬೇರೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರ, ಇಲ್ಲಿ ತೆರೆದ ಪಾತ್ರೇಲಿ ನೀರು ಸುಮಾರು 97 ಡಿಗ್ರಿಗೇ ಕುದಿಯತ್ತೆ. ರೇಡಿಯೇಟರ್ ಕ್ಯಾಪು ಸುಮಾರು 1 ಬಾರ್ ಒತ್ತಡ ಹಿಡಿಯೋದ್ರಿಂದ 100 ಡಿಗ್ರಿ ದಾಟಿದ್ರೂ ಒಳಗೆ ಕುದಿಯಲ್ಲ. ಹೊಸ ರೇಡಿಯೇಟರಿಗೆ ಸ್ಪ್ರಿಂಗ್ ಸತ್ತಿರೋ ಹಳೇ ಕ್ಯಾಪ್ ಹಾಕಿ ಕಳಿಸಿದ್ರೆ ಮುಳ್ಳು ಅಷ್ಟೇನೂ ಏರದೇನೇ ಕುದ್ದು ಉಕ್ಕತ್ತೆ. ಕ್ಯಾಪ್ ಗಟ್ಟಿ ಇದ್ರೆ ಹೀಟ್ ಜಾಸ್ತಿ ಆದ್ರೂ ಕುದಿಯದೇ ಇರಬಹುದು, ಆಗ ಬಿಸೀಲಿ ಕ್ಯಾಪ್ ತಿರುಗಿಸಿದ್ರೆ ಮುಖಕ್ಕೇ ಹಾರತ್ತೆ. "ಬಿಸಿ ಆಗತ್ತೆ" ಅಂತಾನೂ ಬರೀಬೇಡಿ, ಇಂಜಿನ್ ಯಾವಾಗ್ಲೂ ಬಿಸಿನೇ. ಜನ "ಹೀಟ್ ಆಗ್ತಿದೆ" ಅಂದ್ರೆ ಹದ ಮೀರಿದೆ ಅಂತಾನೇ ಅರ್ಥ, ಅದನ್ನೇ ಇಡಿ.

———

ಅಂದ್ರೆ ಕೊನೆಗೆ ಹೀಟು, ಏರು, ಕ್ಯಾಪು, ಎಲ್ಲಾ ಇಂಗ್ಲಿಷೇ! ಬೋರ್ಡಲ್ಲಿ 60 ಪರ್ಸೆಂಟ್ ಕನ್ನಡ ಇರಬೇಕು ಅಂತ 2024ರಲ್ಲಿ ಕಾನೂನು ತಿದ್ದಿದ್ದು ಇಂಗ್ಲಿಷನ್ನ ಕನ್ನಡ ಅಕ್ಷರದಲ್ಲಿ ಬರೆಯೋಕಾ?

———

ಲಿಪಿ ಮಾತಲ್ಲ, ಬಳಕೆ ಮಾತು. ರಸ್ತೆ ಪಾರ್ಸಿದು, ಚಾವಿ ಪೋರ್ಚುಗೀಸರದು. ಅವನ್ನೂ ವಾಪಸ್ ಕಳಿಸ್ತೀರಾ?

———

ಚಾವಿ ಅನ್ನೋರು ಅಂದ್ಕೊಳ್ಳಲಿ. ನಮ್ಮ ಮನೇಲಿ ಬೀಗದಕೈ.

———

ದಯವಿಟ್ಟು ಜಗಳ ಆಮೇಲೆ ಮುಂದುವರಿಸಿ, ಪ್ರೆಸ್‌ನೋರು ಎರಡು ಸಲ ಫೋನ್ ಮಾಡಿದ್ರು. ಇದನ್ನ ಕಳಿಸ್ತಾ ಇದೀನಿ:

"ರಿಪೇರಿ ಆದಮೇಲೂ ಇಂಜಿನ್ ಹೀಟ್ ಆಗುತ್ತಿದೆಯೇ? ಕೂಲೆಂಟ್ ಪೈಪಿನಲ್ಲಿ ಗಾಳಿ ಸಿಕ್ಕಿಕೊಂಡು ಏರ್ ಲಾಕ್ ಆಗಿರಬಹುದು. ಗಾಡಿಯನ್ನು ಓಡಿಸಬೇಡಿ, ನಮಗೆ ತೋರಿಸಿ. ಇಂಜಿನ್ ಬಿಸಿ ಇರುವಾಗ ರೇಡಿಯೇಟರ್ ಕ್ಯಾಪ್ ತೆರೆಯಬೇಡಿ."

ಬ್ಲೀಡ್ ಸ್ಕ್ರೂ ಗಿರಾಕಿ ಮುಟ್ಟೋದೇ ಬೇಡ ಅಂತ ಓನರ್ ಆ ಸಾಲನ್ನೇ ತೆಗೆಸಿದ್ರು.

———

"ಸಿಕ್ಕಿಕೊಂಡು" ಚೆನ್ನಾಗಿದೆ, ಒಪ್ಪಿದೆ. ಕ್ಯಾಪ್ ಯಾಕೆ? ಮುಚ್ಚಳ ಅನ್ನೋದು ಒಳ್ಳೇ ಕನ್ನಡ.

———

ಗಾಡಿ ಬಿಡಿಭಾಗದ ಅಂಗಡಿಗಳಿರೋ ಜೆ.ಸಿ. ರೋಡಿಗೆ ಹೋಗಿ ರೇಡಿಯೇಟರ್ ಮುಚ್ಚಳ ಕೊಡಿ ಅಂತ ಕೇಳಿ ನೋಡಿ.

———

ಕೇಳಿದೀನಿ. ಕೊಟ್ಟಿದಾರೆ.